ವೀರಭದ್ರನ ಕಣ್ಣು

ನಮ್ಮ ಕಡೆಯ ಜನಕ್ಕೆ ದೇವರು ಸಿಗದ ಜಾಗವೇ ಇಲ್ಲ. ಬದನೆಕಾಯಿ ಹೆಚ್ಚಿದರೆ ಒಳಗೆ ಓಂಕಾರ ಕಾಣುತ್ತದೆ. ಬೇವಿನ ಮರದ ಗಂಟು ಸ್ವಲ್ಪ ಡೊಂಕಾಗಿದ್ದರೆ ಗಣಪತಿಯ ಸೊಂಡಿಲು ಕಾಣುತ್ತದೆ. ನೇಗಿಲಿಗೆ ತಗುಲಿದ ಕಲ್ಲು ಸಂಜೆಯ ಹೊತ್ತಿಗೆ ಕುಂಕುಮ ಹಚ್ಚಿಸಿಕೊಂಡು ಬದುವಿನ ಮೇಲೆ ಕೂತಿರುತ್ತದೆ. ಬಸ್ಸು ತಪ್ಪಿಸಿಕೊಂಡವನಿಗೆ ಹಿಂದೆಯೇ ಒಂದು ಟ್ರ್ಯಾಕ್ಟರ್ ಸಿಕ್ಕರೆ ಅದರ ಡ್ರೈವರಿಗೆ ‘ದೇವ್ರು ಬಂದಂಗ ಬಂದಿ ನೋಡಪ್ಪಾ’ ಎನ್ನುತ್ತಾನೆ. ಇಳಿಯುವಾಗ ಅದೇ ದೇವರಿಗೆ, ಎತ್ತಿನ ಗಾಡಿ ಇದಕ್ಕಿಂತ ವಾಸಿ ಎಂದು ಬೈದು ಹೋಗುತ್ತಾನೆ. ಇಂಥ ಜನರ ನಡುವೆ ನಾನು ಇಪ್ಪತ್ತು ವರ್ಷ ದೇವರ ಚಿತ್ರ ಬರೆದು ಹೊಟ್ಟೆ ಹೊರೆದವನು. ದೇವರು ಎಲ್ಲಿರುತ್ತಾನೆ, ಎಲ್ಲಿರುವುದಿಲ್ಲ ಎಂಬ ವಿಷಯದಲ್ಲಿ ನನಗೆ ಪಾಠ ಹೇಳುವವರು ಐದು ತಾಲ್ಲೂಕಿನಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆ.

ಕೆಲಸ ಕಲಿತಿದ್ದು ಕೊಟ್ಟೂರಿನಲ್ಲಿ, ಅಂಗಡಿ ಬೋರ್ಡು ಬರೆಯುವ ಒಬ್ಬ ಮುದುಕರ ಕೈಕೆಳಗೆ. ಆಮೇಲೆ ಕೂಡ್ಲಿಗಿಯಲ್ಲಿ ಸ್ವಂತ ಅಂಗಡಿ ಇಟ್ಟೆ. ಅದು ತೊಂಬತ್ತರ ದಶಕ. ಫ್ಲೆಕ್ಸ್ ಎಂಬ ಪೀಡೆ ಇನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಕಿರಾಣಿ ಅಂಗಡಿಯ ಹೆಸರು, ಲಾರಿಯ ಹಿಂದಿನ ಹದ್ದು, ಟ್ರೇಲರಿನ ಮೇಲಿನ ಜೋಡೆತ್ತು, ಚುನಾವಣೆ ಬಂದರೆ ಗೋಡೆ ತುಂಬ ಚಿಹ್ನೆ, ಎಲ್ಲಕ್ಕೂ ಮನುಷ್ಯನ ಕೈಯೇ ಬೇಕಿತ್ತು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಎಲ್ಲಿಂದ ಕರೆ ಬಂದರೂ ಬ್ರಷ್ಷು ಡಬ್ಬಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಇದ್ದದ್ದು ದೇವರಿಗೆ.

ನನ್ನ ಗುರುಗಳದು ಒಂದು ಪದ್ಧತಿ ಇತ್ತು. ಮನುಷ್ಯರ ಚಿತ್ರಕ್ಕೆ ಕಣ್ಣನ್ನು ಯಾವಾಗ ಬೇಕಾದರೂ ಬರೆಯಬಹುದು. ದೇವರಿಗೆ ಮಾತ್ರ ಕಟ್ಟಕಡೆಗೆ. ಸ್ನಾನ ಮಾಡಿ, ಖಾಲಿ ಹೊಟ್ಟೆಯಲ್ಲಿ, ಕಾಯಿ ಒಡೆದು, ಆಮೇಲೆ ಎರಡು ಚುಕ್ಕೆ ಇಡಬೇಕು. ಅಲ್ಲಿಯವರೆಗೆ ಅದು ಬಣ್ಣ, ಅಲ್ಲಿಂದ ಮುಂದೆ ದೇವರು ಎನ್ನುತ್ತಿದ್ದರು. ನಾನು ಎದುರಿಗೆ ಹ್ಞೂಂಗುಟ್ಟಿ ಒಳಗೊಳಗೆ ನಗುತ್ತಿದ್ದೆ. ಅಂಗಡಿ ನನ್ನದಾದ ಮೇಲೆ ಕಾಯಿ ಬಿಟ್ಟೆ, ಸ್ನಾನ ಬಿಟ್ಟೆ, ಬೀಡಿ ಕಚ್ಚಿಕೊಂಡೇ ಕಂಡ ಕಂಡ ದೇವರಿಗೆಲ್ಲ ಕಣ್ಣು ಕೊಟ್ಟೆ. ಯಾವ ದೇವರೂ ನನ್ನನ್ನು ದುರುಗುಟ್ಟಿ ನೋಡಲಿಲ್ಲ. ಕಣ್ಣನ್ನು ಕೊನೆಗೆ ಬರೆಯುವ ರೂಢಿ ಮಾತ್ರ ಕೈಗೆ ಅಂಟಿಕೊಂಡು ಉಳಿಯಿತು.

ಸಂತೆ ಮೈದಾನದ ಪಕ್ಕದಲ್ಲಿ ಒಬ್ಬ ಸಾವುಕಾರನ ಶೇಂಗಾ ಗೋದಾಮು ಇತ್ತು. ಅದಕ್ಕೂ ಪಕ್ಕದ ಪಾಳುಮನೆಗೂ ನಡುವೆ ಒಂದು ಸಂದಿ. ಇಬ್ಬರು ನಿಲ್ಲುವಷ್ಟು ಅಗಲ, ಹತ್ತು ಹೆಜ್ಜೆ ಉದ್ದ. ಒಳಗೆ ಹೋದರೆ ಗೋದಾಮಿನದೇ ಅಡ್ಡಗೋಡೆ. ಸಂದಿಯ ಬಾಯಿಗೆ ಒಂದು ಜಾಲಿ ಪೊದೆ. ವಾರದ ಆರು ದಿನ ಅದು ಊರ ಗಂಡಸರ ಮೂತ್ರಖಾನೆ. ಕೋಟು ಹಾಕಿದವರು, ಲುಂಗಿ ಉಟ್ಟವರು, ನಿನ್ನೆ ತಾನೇ ಒಬ್ಬರ ಮೇಲೊಬ್ಬರು ಕೇಸು ಹಾಕಿದವರು, ಎಲ್ಲರೂ ಅಲ್ಲಿ ಅಕ್ಕಪಕ್ಕ ನಿಂತು ಆಕಾಶ ನೋಡುತ್ತಿದ್ದರು. ಸಾವುಕಾರ ನನ್ನಿಂದ ಮೊದಲು ಬರೆಸಿದ್ದು ಅಕ್ಷರ. ಮೇಲಿನ ಸಾಲಿನಲ್ಲಿ ‘ಇಲ್ಲಿ ಮೂತ್ರ ವಿಸರ್ಜನೆ’, ಕೆಳಗಿನ ಸಾಲಿನಲ್ಲಿ ‘ಮಾಡಬಾರದು’. ಎರಡೇ ತಿಂಗಳಲ್ಲಿ ಜನ ಕೆಳಗಿನ ಸಾಲನ್ನು ತೊಳೆದು ಹಾಕಿದರು. ಉಳಿದ ಮೇಲಿನ ಸಾಲು ಪರವೂರಿನವರಿಗೂ ಜಾಗ ತೋರಿಸುತ್ತ ನಿಂತಿತು.

ಏಳನೆಯ ದಿನ, ಅಂದರೆ ಸಂತೆಯ ದಿನ, ಆ ಸಂದಿ ಹೆಂಗಸರದು. ಇದನ್ನು ಯಾರೂ ಬರೆಸಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಹಳ್ಳಿಗಳಿಂದ ಮೊದಲ ಬಸ್ಸಿಗೆ ತಲೆಹೊರೆ ತಂದು ಕಡೆಯ ಬಸ್ಸಿಗೆ ಮರಳುವ ಹೆಂಗಸರಿಗೆ ಸಂತೆಯ ಆಸುಪಾಸಿನಲ್ಲಿ ಮರೆ ಎಂದರೆ ಅದೊಂದೇ. ಗುಡೇಕೋಟೆ ಕಡೆಯ ಒಬ್ಬಳು ಹುಣಸೆಹಣ್ಣಿನ ಬುಟ್ಟಿ ಇಟ್ಟುಕೊಂಡು ಸರಿಯಾಗಿ ಸಂದಿಯ ಬಾಯಲ್ಲೇ ಕೂರುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕುರಿ ಸಾಕುವ ಮನೆಯವಳು. ಮರೆತು ಬಂದ ಗಂಡಸರನ್ನು ತಪ್ಪಿ ಬಂದ ಕುರಿಯನ್ನು ತಿರುಗಿಸುವ ದನಿಯಲ್ಲೇ ತಿರುಗಿಸುತ್ತಿದ್ದಳು. ಹೆಚ್ಚು ಮಾತಿಲ್ಲ, ‘ಇವತ್ತು ನಮ್ದೈತಿ’ ಅಂದರೆ ಮುಗಿಯಿತು. ಎಂಥ ಮೀಸೆಯವನೂ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸು ಹೋಗುತ್ತಿದ್ದ. ನನ್ನ ಅಂಗಡಿ ಎದುರಿಗೇ ಇದ್ದುದರಿಂದ ಇದನ್ನೆಲ್ಲ ವಾರ ವಾರ ನೋಡಿ ನಗುತ್ತಿದ್ದೆ.

ಅಕ್ಷರ ಸೋತ ಮೇಲೆ ಸಾವುಕಾರ ದೇವರನ್ನು ಹಿಡಿದ. ಅಡ್ಡಗೋಡೆ ನೆನೆದು ನೆನೆದು ಒಳಗೆ ಮೂಟೆಗಳಿಗೆ ತೇವ ಏರುತ್ತಿತ್ತು. ಹಣೆಯ ಮೇಲೆ ಗೆರೆ ತಪ್ಪದ ವಿಭೂತಿ, ಕೈಯಲ್ಲಿ ಗೋದಾಮಿನ ಬೀಗದ ಗೊಂಚಲು, ಹೀಗೆ ಬಂದು ನನ್ನ ಅಂಗಡಿ ಮುಂದೆ ನಿಂತ. ಗಣಪತಿ ಬರೆಯಲೇ ಎಂದು ಕೇಳಿದೆ. ಸಣ್ಣ ದೇವರಿಗೆಲ್ಲ ಈ ಊರಿನ ಮಂದಿ ಬಗ್ಗುವುದಿಲ್ಲ, ವೀರಭದ್ರನನ್ನೇ ಬರೆ, ಕಣ್ಣು ನೋಡಿದರೆ ನಿಂತವನ ತೊಡೆ ನಡುಗಬೇಕು ಎಂದ. ಮನೆದೇವರನ್ನು ಸಂಬಳವಿಲ್ಲದ ವಾಚ್‌ಮನ್ ಮಾಡಿ, ಅದೂ ಮೂತ್ರದ ಸಂದಿಯಲ್ಲಿ ನಿಲ್ಲಿಸಲು ಹೊರಟವನ ಭಕ್ತಿ ನೋಡಿ ನನಗೆ ಅಸಹ್ಯವಾಯಿತು. ಆದರೆ ಕೆಲಸ ಕೆಲಸವೇ. ಗೋಡೆ ತೊಳೆಸಿ, ಸುಣ್ಣ ಹೊಡೆಸಿ, ಅಡ್ಡಗೋಡೆಯ ಮೇಲೆ ಆಳೆತ್ತರಕ್ಕೂ ಮೀರಿ ಬರೆಯಲು ಶುರು ಮಾಡಿದೆ. ಎರಡು ದಿನದಲ್ಲಿ ಕತ್ತಿ, ಗುರಾಣಿ, ಮೀಸೆ, ಕಾಲ ಬಳಿ ಕುರಿ ತಲೆಯ ದಕ್ಷ, ಎಲ್ಲ ಆಯಿತು. ಕಣ್ಣು ಮಾತ್ರ ಉಳಿಯಿತು. ಮಾರನೆಯ ದಿನ ಸಂತೆ.

ಸಂತೆಯ ಮಧ್ಯಾಹ್ನ ಆ ಹುಣಸೆಹಣ್ಣಿನವಳು ನನ್ನ ಅಂಗಡಿಗೆ ಬಂದಳು. ಅದಕ್ಕೆ ಮೊದಲು ನಾವು ಮಾತಾಡಿದ್ದೇ ಇಲ್ಲ. ಬಂದವಳು ಬಾಗಿಲಲ್ಲಿ ನಿಂತು, ಸೆರಗು ಸರಿ ಮಾಡಿಕೊಂಡು ಕೇಳಿದಳು: ‘ಅದಕ್ಕ ಕಣ್ಣು ಬರದಿಲ್ಲಲ್ಲಪ್ಪಾ ಇನ್ನಾ?’

ನಾಳೆ ಬರೆಯುತ್ತೇನೆ ಎಂದೆ.

‘ಬರೀಬ್ಯಾಡ. ಹಂಗಾ ಬಿಟ್ಟುಬಿಡು. ಕಣ್ಣಿಲ್ಲಂದ್ರ ನಮಗ ನಡೀತೈತಿ.’

ಅವಳು ಹೇಳಿದ್ದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಗು ತಡೆಯಲಾಗಲಿಲ್ಲ. ಅದು ಡಬ್ಬಿಯ ಬಣ್ಣ, ಸೀಮೆಎಣ್ಣೆ ಹಾಕಿ ತಿಕ್ಕಿದರೆ ಹೋಗುತ್ತದೆ, ಅದಕ್ಕೆ ನೋಡಲು ಬರುವುದಿಲ್ಲ ಎಂದು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ‘ನಿನಗ ಅದು ಬಣ್ಣ ಇರಬೌದಪ್ಪಾ. ನನಗ ಆತ ನೋಡ್ತಾನ. ಆತನ ಮುಂದ ನಾ ಹೆಂಗ ಕುಂದ್ರಲಿ?’ ಎಂದಳು. ಗಿರಾಕಿ ಎದ್ದು ಹೋಗುತ್ತಾರೆ ಎಂದು ಬುಟ್ಟಿಯ ಕಡೆ ಒಮ್ಮೆ ನೋಡಿ, ನನ್ನ ಉತ್ತರಕ್ಕೆ ಕಾದಳು. ನೋಡೋಣ ಹೋಗವ್ವಾ ಎಂದು ಸಾಗಹಾಕಿದೆ.

ಮಾರನೆಯ ಬೆಳಿಗ್ಗೆ ಬೀಡಿ ಹಚ್ಚಿಕೊಂಡು ಹೋಗಿ ಕಣ್ಣು ಬರೆದೆ. ಬರೆಯದೆ ಬಿಟ್ಟರೆ ಸಾವುಕಾರ ಬೈಯುತ್ತಿದ್ದ, ನಿಜ. ಆದರೆ ಕಾರಣ ಅದಲ್ಲ. ಎರಡು ವಾರ ಬಣ್ಣ ಒಣಗಲಿ ಎಂದೋ, ಕೆಂಪು ಸಿಗಲಿಲ್ಲ ಎಂದೋ ಅವನಿಗೆ ಎಷ್ಟು ಸುಳ್ಳು ಬೇಕಾದರೂ ಹೇಳಬಹುದಿತ್ತು. ನನಗೆ ಸುಳ್ಳಿನ ಬರವಿರಲಿಲ್ಲ. ಬರೆದದ್ದು ಆ ಮುದುಕಿಯ ಮಾತನ್ನು ಕೇಳಿದರೆ ನಾನೂ ಆ ಬದನೆಕಾಯಿ ಭಕ್ತರ ಸಾಲಿಗೆ ಸೇರುತ್ತೇನೆ ಎಂಬ ಸೊಕ್ಕಿಗೆ. ಸಾಮಾನ್ಯ ಕಣ್ಣನ್ನೂ ಬರೆಯಲಿಲ್ಲ. ಕಪ್ಪು ಗುಡ್ಡೆಯನ್ನು ಸರಿಯಾಗಿ ನಡುವೆ ಇಟ್ಟರೆ, ಎಲ್ಲಿ ನಿಂತರೂ ಚಿತ್ರ ನಮ್ಮನ್ನೇ ನೋಡಿದಂತೆ ಕಾಣುತ್ತದೆ. ಅದು ನಮ್ಮ ಕಸುಬಿನ ಹಳೆಯ ಚಮತ್ಕಾರ. ಅದನ್ನು ಮಾಡಿ, ಮೂಲೆ ಮೂಲೆಯಲ್ಲಿ ನಿಂತು ನೋಡಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ಸಂತೆಗೆ ಅವಳು ಸಂದಿಯೊಳಗೆ ಅರ್ಧ ಹೋದದ್ದನ್ನು ನೋಡಿದೆ. ನಿಂತಳು. ತಲೆ ಮೇಲೆ ಸೆರಗು ಎಳೆದುಕೊಂಡಳು, ಕೈ ಮುಗಿದಳು, ಹಿಂದಕ್ಕೆ ಬಂದಳು. ಆಮೇಲೆ ಬಂದ ಹೆಂಗಸರಿಗೆ ಏನೋ ಹೇಳಿದಳು. ಅವರೂ ಒಬ್ಬೊಬ್ಬರಾಗಿ ಇಣುಕಿ ನೋಡಿ ತಿರುಗಿದರು. ಅವಳು ಬುಟ್ಟಿ ಎತ್ತಿಕೊಂಡು ಮೈದಾನದ ನಡುವೆ, ಬಿಸಿಲಿಗೆ ಹೋಗಿ ಕೂತಳು. ಮೂಢ ಜನ, ಎಂದುಕೊಂಡು ನಾನು ಲಾರಿಯ ನಂಬರ್ ಪ್ಲೇಟು ಬರೆಯಲು ಕೂತೆ.

ಗಂಡಸರ ಕಥೆ ಕೇಳಿ. ವೀರಭದ್ರನನ್ನು ನೋಡಿ ಒಬ್ಬನ ತೊಡೆಯೂ ನಡುಗಲಿಲ್ಲ. ಅಡ್ಡಗೋಡೆ ಬಿಟ್ಟು ಪಕ್ಕದ ಗೋಡೆಗೆ ತಿರುಗಿದರು, ಅಷ್ಟೇ. ಕೆಲವರಂತೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು, ದೇವರಿಗೆ ಬೆನ್ನು ಮಾಡಿ ಕೆಲಸ ಮುಗಿಸುತ್ತಿದ್ದರು, ಅದೇ ಕೈ ಮುಗಿದು ಹೋಗುತ್ತಿದ್ದರು. ಇವರೆಲ್ಲ ದೇವರು ಎಲ್ಲೆಲ್ಲೂ ಇದ್ದಾನೆ ಎಂದು ಭಜನೆ ಮಾಡುವವರು. ಇವರಿಗೆ ಹೋಲಿಸಿದರೆ ದೇವರಿಲ್ಲ ಎನ್ನುವ ನಾನೇ ಮೇಲು ಎಂದು ಬೀಗುತ್ತಿದ್ದೆ. ಇಡೀ ಊರಿನಲ್ಲಿ ಆ ಗೋಡೆಯ ಮೇಲೆ ನಿಜವಾಗಿ ಒಬ್ಬ ದೇವರು ನಿಂತಿದ್ದಾನೆ, ಅವನಿಗೆ ಕಣ್ಣಿದೆ, ಅವನೆದುರು ನಾಚಿಕೆಯಾಗುತ್ತದೆ ಎಂದು ತಿಳಿದವರು ಸಂತೆಗೆ ಬರುವ ಆ ಹತ್ತಿಪ್ಪತ್ತು ಹೆಂಗಸರು ಮಾತ್ರ ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯ ಒಂದು ಸಂತೆ. ಏಪ್ರಿಲ್ ಬಿಸಿಲು, ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟುತ್ತಿತ್ತು. ಮೈದಾನದ ನಡುವೆ ಗಲಾಟೆ ಆಯಿತು. ಹೋಗಿ ನೋಡಿದರೆ ಅವಳು ಹುಣಸೆಹಣ್ಣಿನ ಬುಟ್ಟಿಯ ಮೇಲೆ ಕವುಚಿ ಬಿದ್ದಿದ್ದಳು. ಎತ್ತಿ ನನ್ನ ಅಂಗಡಿಯ ನೆರಳಿಗೆ ತಂದೆವು. ಮುಖಕ್ಕೆ ನೀರು ಹೊಡೆದರೆ ಕಣ್ಣು ಬಿಟ್ಟಳು. ಚೊಂಬು ಬಾಯಿಗೆ ಇಟ್ಟರೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ತಣ್ಣನೆ ನೀರು, ಕುಡಿ ಎಂದು ನಾನು ಗದರಿಸಿದೆ. ಜೊತೆಗೆ ಬಂದಿದ್ದ ಬೆಳ್ಳುಳ್ಳಿ ಮಾರುವವಳು ನನ್ನ ಕೈಯಿಂದ ಚೊಂಬು ಕಸಿದುಕೊಂಡಳು.

‘ಆಕಿ ಸಂತಿ ದಿನ ನೀರು ಮುಟ್ಟಂಗಿಲ್ಲ. ಹಿಂದಿನ ಸಂಜಿಗೇ ಬಿಡ್ತಾಳ. ನಾವೂ ಬಿಟ್ಟೀವಿ. ಕುಡುದ್ರ ಎಲ್ಲಿಗೆ ಹೋಗಾನ?’

ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದರು. ವರ್ಷಗಟ್ಟಲೆ ಮೂತ್ರ ಕಟ್ಟಿ ಕಟ್ಟಿ ಒಳಗೆ ಕೀವಾಗಿದೆ, ಇನ್ನು ಮೇಲೆ ದಿನಕ್ಕೆ ಎರಡು ಚೊಂಬಾದರೂ ನೀರು ಕುಡಿಯದಿದ್ದರೆ ಉಳಿಯುವುದಿಲ್ಲ ಎಂದು ಅಲ್ಲಿಯವರು ಹೇಳಿದರಂತೆ. ವರ್ಷಗಟ್ಟಲೆ ಅಲ್ಲ, ಹತ್ತು ತಿಂಗಳು. ನನಗೆ ಸರಿಯಾಗಿ ಗೊತ್ತಿತ್ತು. ಇಡೀ ಊರನ್ನು ಹೀಯಾಳಿಸಿ ಅಭ್ಯಾಸವಾಗಿದ್ದ ಬಾಯಿಗೆ ನನ್ನನ್ನೇ ಬೈದುಕೊಳ್ಳಲು ಒಂದು ಒಳ್ಳೆಯ ಬೈಗುಳ ಸಿಗಲಿಲ್ಲ. ನಾಚಿಕೆಯಾಯಿತು, ಅಷ್ಟೇ ಹೇಳಬಲ್ಲೆ.

ಮಾರನೆಯ ದಿನ ನಡುಮಧ್ಯಾಹ್ನ ಏಣಿ ತಗೊಂಡು ಸಂದಿಗೆ ಹೋದೆ. ಏಣಿ ಹೊತ್ತವನನ್ನು ನಮ್ಮೂರಲ್ಲಿ ಯಾರೂ ಏನೂ ಕೇಳುವುದಿಲ್ಲ. ಕಣ್ಣನ್ನು ತಿಕ್ಕಿ ತೆಗೆದರೆ ಕುರುಡು ದೇವರೆಂದು ಸಾವುಕಾರ ಮತ್ತೆ ಬರೆಸುತ್ತಾನೆ. ಅದಕ್ಕೇ ಮೈಬಣ್ಣ ಕಲಸಿ, ಕಣ್ಣಿನ ಮೇಲೆ ರೆಪ್ಪೆ ಇಳಿಸಿದೆ. ಅಂಚಿಗೆ ಒಂದು ಕಪ್ಪು ಗೆರೆ ಕೊಟ್ಟೆ. ಕತ್ತಿ ಎತ್ತಿ, ಮೀಸೆ ತಿರುವಿ, ಕಣ್ಣು ಮುಚ್ಚಿ ನಿಂತ ವೀರಭದ್ರ. ವಿಚಿತ್ರವಾಗಿ ಕಂಡ, ಆದರೆ ನೋಡುತ್ತಿರಲಿಲ್ಲ. ಮುಂದಿನ ಸಂತೆಗೆ ಅವಳು ಬರುತ್ತಾಳೆ, ನೋಡುತ್ತಾಳೆ, ಎಲ್ಲ ಮೊದಲಿನಂತೆ ಆಗುತ್ತದೆ ಎಂದು ಏಣಿ ಇಳಿದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮೊದಲು ಕಂಡವನು ಲಾಟರಿ ಟಿಕೆಟ್ ಮಾರುವ ಒಬ್ಬ ಸೋಮಾರಿ; ಯಾವ ಕೆಲಸಕ್ಕೆ ಒಳಗೆ ಹೋಗಿದ್ದನೆಂದು ಬಿಡಿಸಿ ಹೇಳಬೇಕಿಲ್ಲ. ಲುಂಗಿ ಕಟ್ಟಿಕೊಳ್ಳುತ್ತಲೇ ಹೊರಗೆ ಓಡಿ ಬಂದು, ವೀರಭದ್ರ ಕಣ್ಣು ಮುಚ್ಚ್ಯಾನ ಎಂದು ಕೂಗಿದ. ಸಂಜೆಯ ಹೊತ್ತಿಗೆ ಸಂದಿಯ ತುಂಬ ಜನ. ಹತ್ತು ತಿಂಗಳು ಆ ಕಣ್ಣೆದುರು ನಿಂತು ಉಚ್ಚೆ ಹೊಯ್ದವರು, ಈಗ ಕಣ್ಣು ಮುಚ್ಚಿದ ಮೇಲೆ ಅಡ್ಡಬಿದ್ದರು. ಊರಿನ ಪಾಪ ನೋಡಲಾರದೆ ಮುಚ್ಚಿದ್ದಾನೆ ಎಂದು ಒಬ್ಬ, ತಪಸ್ಸಿಗೆ ಕೂತಿದ್ದಾನೆ ಎಂದು ಇನ್ನೊಬ್ಬ. ಕೊಟ್ಟೂರಿನಿಂದ ಬಸ್ಸು ಹತ್ತಿ ನೋಡಲು ಬಂದರು, ಹಲವಾಗಲಿನಿಂದ ಯಾರೋ ಹೊಳೆಯ ನೀರನ್ನೇ ಕೊಡದಲ್ಲಿ ತಂದು ಗೋಡೆಗೆ ಎರಚಿದರು. ಸಾವುಕಾರನ ಮೂಟೆಗಳಿಗೆ ಮತ್ತೆ ತೇವ ಏರಿತು. ಈ ಸಲ ಅವನು ಬಾಯಿ ಬಿಡಲಿಲ್ಲ.

ಮೂರನೆಯ ದಿನ ತಡೆಯಲಾರದೆ ಗುಂಪಿನ ನಡುವೆ ಹೋಗಿ ನಿಂತು, ಇದನ್ನು ಬರೆದವನು ನಾನು, ಮೊನ್ನೆ ಮಧ್ಯಾಹ್ನ ಏಣಿ ಹಾಕಿ ಬರೆದೆ, ಬೇಕಾದರೆ ಡಬ್ಬಿ ತೋರಿಸುತ್ತೇನೆ ಎಂದೆ. ಲಾಟರಿಯವನು ಅಷ್ಟರಲ್ಲಿ ಮೈತುಂಬ ವಿಭೂತಿ ಬಳಿದುಕೊಂಡು ಪೂಜಾರಿಯಾಗಿದ್ದ. ನನ್ನ ಕಡೆ ಬಹಳ ಕರುಣೆಯಿಂದ ನೋಡಿ ಹೇಳಿದ:

‘ನೀನಾ ಬರದೀಯಪ್ಪಾ, ಇಲ್ಲಂದೋರು ಯಾರು? ನಿನ್ನ ಕೈಲಿ ಬರೆಸಿದಾತ ಆತ.’

ಜನ ನನಗೂ ಕೈ ಮುಗಿದರು. ಒಬ್ಬ ಮುದುಕ ನನ್ನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡ. ಇಂಥ ಮಂದಿಯ ಜೊತೆ ವಾದ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ನಾನು ಆ ಸಂದಿ ಯಾಕೆ ಬೇಕು, ಯಾರಿಗೆ ಬೇಕು ಎಂದು ಹೇಳಲು ಬಾಯಿ ತೆರೆದೆ. ಅಷ್ಟು ಗಂಡಸರ ನಡುವೆ ಹೆಂಗಸರ ಉಚ್ಚೆಯ ಮಾತು ನನ್ನ ಬಾಯಿಂದ ಬರಲಿಲ್ಲ. ಊರಿಗೆಲ್ಲ ನಾಲಿಗೆ ಉದ್ದ ಎನಿಸಿಕೊಂಡವನು, ಆ ಒಂದು ಮಾತು ಆಡಲು ನಾಚಿ, ಸುಮ್ಮನೆ ಅಂಗಡಿಗೆ ಬಂದೆ. ಇವತ್ತಿಗೂ ಅವರ ಮೇಲಿನ ತಿರಸ್ಕಾರದಲ್ಲಿ ದೊಡ್ಡ ಪಾಲನ್ನು ನಾನು ನನಗೇ ಎತ್ತಿಟ್ಟುಕೊಳ್ಳುವುದು ಇದಕ್ಕೇ.

ತಿಂಗಳೊಳಗೆ ಜಾಲಿ ಪೊದೆ ಕಡಿದರು. ಮೇಲೆ ತಗಡು ಬಂತು, ಕೆಳಗೆ ಬಂಡೆ ಹಾಸಿದರು, ಬಾಯಿಗೆ ಕಬ್ಬಿಣದ ಗೇಟು ಇಟ್ಟು ಬೀಗ ಹಾಕಿದರು. ಗಂಡಸರಿಗೆ ಏನೂ ತೊಂದರೆಯಾಗಲಿಲ್ಲ. ಅವರು ಪಾಳುಮನೆಯ ಆಚೆ ಬದಿಗೆ, ರಸ್ತೆಗೇ ಮುಖ ಮಾಡಿಕೊಂಡು ನಿಲ್ಲತೊಡಗಿದರು.

ಅವಳು ಮತ್ತೆ ಸಂತೆಗೆ ಬಂದಾಗ ಮಳೆಗಾಲ ಶುರುವಾಗಿತ್ತು. ಕೃಶವಾಗಿದ್ದಳು. ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ನಾನು ಅಂಗಡಿಯಿಂದ ಇಳಿದು ಹೋಗಿ ಪಕ್ಕದಲ್ಲಿ ನಿಂತೆ. ಕಣ್ಣು ಮುಚ್ಚಿಸಿದ್ದೇನೆ ನೋಡವ್ವಾ ಎಂದೆ.

‘ನೋಡಿದೆ’ ಎಂದಳು. ‘ಆತೇನ ಕಣ್ಣು ಮುಚ್ಚಿಗ್ಯಂಡ. ಮಂದಿ ಬಾಗ್ಲಾ ಮುಚ್ಚಿದ್ರಲ್ಲಪ್ಪಾ. ನಾ ಹೇಳಿದ ದಿನ ಹಂಗಾ ಬಿಟ್ಟಿದ್ರ ಸಾಕಾಗಿತ್ತು.’

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಬುಟ್ಟಿ ತಲೆಗೆ ಎತ್ತಿಸು ಎಂದಳು. ಭಾರವಿತ್ತು, ಅರ್ಧಕ್ಕಿಂತ ಹೆಚ್ಚು ಹುಣಸೆಹಣ್ಣು ಹಾಗೇ ಇತ್ತು. ಗಂಟೆ ಇನ್ನೂ ಹನ್ನೊಂದು, ಸಂತೆ ಆಗ ತಾನೇ ತುಂಬುತ್ತಿತ್ತು. ಇಷ್ಟು ಬೇಗ ಯಾಕೆ ಹೊರಟೆ ಎಂದು ಕೇಳಿದೆ. ಡಾಕ್ಟರು ನೀರು ಕುಡಿಯಲೇಬೇಕು ಅಂದಿದ್ದಾರೆ, ಬೆಳಿಗ್ಗೆ ಕುಡಿದಿದ್ದೇನೆ, ಊರು ಮುಟ್ಟುವ ತನಕ ತಡೆಯಬೇಕಲ್ಲ ಎಂದು ಹೇಳಿ ಬಸ್ ನಿಲ್ದಾಣದ ಕಡೆ ಬೇಗ ಬೇಗ ನಡೆದಳು.